ಮೊದಲ ವರ್ಷದ ಪಾಠ

ನರ್ಸಿಂಗ್ ಸ್ಕೂಲು ಸೇರಿದ ಮೊದಲ ತಿಂಗಳುಗಳಲ್ಲಿ ನಾವು ಯಾರೂ ಸಿರಿಂಜು ಮುಟ್ಟಲಿಲ್ಲ. ಹಾಸಿಗೆ ಹಾಸಿದೆವು. ಬೆಳಿಗ್ಗೆ ಹಾಸಿದ್ದನ್ನು ಮಧ್ಯಾಹ್ನ ಕಿತ್ತು ಮತ್ತೆ ಹಾಸಿದೆವು. ತೊಂಬತ್ತರ ದಶಕದ ಶಿವಮೊಗ್ಗ. ಸೊರಬದ ಕಡೆಯ ಹಳ್ಳಿಯಿಂದ, ಕನ್ನಡ ಮಾಧ್ಯಮದಲ್ಲೇ ಓದಿ ಜಿಎನ್‌ಎಂ ನರ್ಸಿಂಗ್ ಕೋರ್ಸಿಗೆ ಬಂದವಳು ನಾನು. ಮೊದಲ ರಜೆಗೆ ಊರಿಗೆ ಹೋದಾಗ ಅಮ್ಮ, "ಎಂತ ಕಲಿಸಿದ್ರು?" ಅಂತ ಕೇಳಿದಳು. ಹಾಸಿಗೆ ಹಾಸೋದು ಅಂದೆ. "ಅದ್ನ ಕಲಿಯಕ್ಕೆ ಶಿವಮೊಗ್ಗಕ್ಕೆ ಹೋಗ್ಬೇಕಿತ್ತಾ ಮಾರಾಯ್ತಿ? ಇಲ್ಲಿ ಒಂದು ದಿನಾನಾದ್ರೂ ನಿನ್ನ ಕಂಬಳಿ ನೀನು ಮಡಚಿದ್ಯಾ?" ಅಂದಳು. ಅಪ್ಪ ಏನೂ ಅನ್ನಲಿಲ್ಲ, ಫೀಸಿನ ರಸೀದಿಯನ್ನು ಇನ್ನೊಂದು ಸಲ ನೋಡಿದ.

ಆದರೆ ಆ ಹಾಸಿಗೆಯಲ್ಲೇ ಎಷ್ಟು ಬಗೆ! ಓಪನ್ ಬೆಡ್, ಕ್ಲೋಸ್ಡ್ ಬೆಡ್, ಮಲಗಿದವರನ್ನು ಏಳಿಸದೆಯೇ ಹಾಸುವ ಆಕ್ಯುಪೈಡ್ ಬೆಡ್. ಆಪರೇಷನ್ ಬೆಡ್ಡಿನಲ್ಲಿ ಹೊದಿಕೆಯೆಲ್ಲ ಒಂದು ಪಕ್ಕಕ್ಕೆ ಮಡಚಿಕೊಂಡಿರಬೇಕು, ಸ್ಟ್ರೆಚರಿನಿಂದ ರೋಗಿಯನ್ನು ನೇರ ಜಾರಿಸಿಕೊಳ್ಳಲು. ಫ್ರಾಕ್ಚರ್ ಬೆಡ್ಡಿಗೆ ಹಾಸಿಗೆಯ ಕೆಳಗೆ ಮರದ ಹಲಗೆ. ಕಾಲು ಕತ್ತರಿಸಿದವರ ಹಾಸಿಗೆಯಲ್ಲಿ ಮೇಲು ಹೊದಿಕೆಯನ್ನು ಎರಡು ಭಾಗ ಮಾಡಿ ಹೊದಿಸಬೇಕು. ಗಾಯದಿಂದ ರಕ್ತ ಸೋರಿದರೆ ಹೊದಿಕೆ ಎತ್ತದೆಯೇ ಕಣ್ಣಿಗೆ ಬೀಳಬೇಕು. ಹಳೆಯ ಚಾದರ ಕೊಡವಬಾರದು, ಸುತ್ತಿಕೊಂಡೇ ತೆಗೆಯಬೇಕು. ದಿಂಬಿನ ಗವಸಿನ ಬಾಯಿ ಬಾಗಿಲ ಕಡೆಗೆ ಇರಬಾರದು. ಇದೊಂದಕ್ಕೆ ಮಾತ್ರ ನನಗೆ ಇವತ್ತಿಗೂ ಒಪ್ಪುವಂಥ ಕಾರಣ ಸಿಕ್ಕಿಲ್ಲ. ಮೂಲೆ ಮಡಚಿ ಒಳಗೆ ಸಿಕ್ಕಿಸಿದ ಮೇಲೆ ನಮ್ಮ ಟ್ಯೂಟರ್ ಅಂಗೈಯನ್ನು ಚಾದರದ ಮೇಲೆ ತಲೆಯಿಂದ ಕಾಲಿನವರೆಗೆ ಎಳೆಯುತ್ತಿದ್ದರು. ಎಲ್ಲಾದರೂ ಒಂದು ಸುಕ್ಕು ಸಿಕ್ಕಿತೋ, ಇಡೀ ಹಾಸಿಗೆ ಮತ್ತೆ ಮೊದಲಿನಿಂದ. ಸೊಂಟದ ಕೆಳಗೆ ಬರುವ ರಬ್ಬರ್ ಹಾಳೆಗೆ ಮ್ಯಾಕಿಂಟಾಷ್ ಅನ್ನುವುದು, 1823ರಲ್ಲಿ ಬಟ್ಟೆಗೆ ರಬ್ಬರ್ ಬಳಿದು ಮಳೆಕೋಟಿನ ಬಟ್ಟೆ ಮಾಡಿದ ಸ್ಕಾಟ್ಲೆಂಡಿನವನ ಹೆಸರು. ಮಲೆನಾಡಿನವಳಾದ ನನಗೆ ಮಳೆಗೆ ಕಂಬಳಿಕೊಪ್ಪೆ ಗೊತ್ತಿತ್ತು, ಮ್ಯಾಕಿಂಟಾಷ್ ಅಲ್ಲ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಪದಗಳ ಹೊರೆ ದೊಡ್ಡದು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಅಷ್ಟೇನೂ ಕಷ್ಟವಾಗಲಿಲ್ಲ. ಶಾಲೆಯಲ್ಲಿ ಸಂಧಿ ಬಿಡಿಸಿ, ಪ್ರತ್ಯಯ ಹುಡುಕಿ ಅಭ್ಯಾಸವಿದ್ದ ನಮಗೆ 'ಐಟಿಸ್' ಬಂದರೆ ಉರಿಯೂತ, 'ಎಕ್ಟಮಿ' ಬಂದರೆ ತೆಗೆದುಹಾಕುವುದು, 'ಟ್ಯಾಕಿ' ಅಂದರೆ ಜೋರು, 'ಬ್ರ್ಯಾಡಿ' ಅಂದರೆ ನಿಧಾನ ಎಂದು ಒಮ್ಮೆ ಹಿಡಿತಕ್ಕೆ ಸಿಕ್ಕ ಮೇಲೆ ಉಳಿದದ್ದು ತಾನಾಗಿ ಬಂತು. ಔಷಧಿ ಚೀಟಿಯ ಮೇಲಿನ ಓಡಿ, ಬಿಡಿ, ಟಿಡಿಎಸ್, ಎಚ್‌ಎಸ್, ಎಸ್‌ಒಎಸ್, ಸ್ಟಾಟ್: ಇವು ಲ್ಯಾಟಿನ್ನಿನ ತುಣುಕುಗಳು ಅನ್ನುವುದೇ ನಮಗೆ ಬಹಳ ದಿನ ಗೊತ್ತಿರಲಿಲ್ಲ, ಇಂಗ್ಲಿಷೇ ಅಂದುಕೊಂಡಿದ್ದೆವು. ಬಾಯಿಗೆ ಏನೂ ಕೊಡಬಾರದು ಅನ್ನುವ ಎನ್‌ಪಿಒ ಬೋರ್ಡು ತೂಗುಹಾಕಿದ ಮೇಲೂ ರೋಗಿಯ ಮನೆಯವರು ಇಡ್ಲಿ ತಿನ್ನಿಸುತ್ತಾರೆ, ಆದ್ದರಿಂದ ಬೋರ್ಡಿನ ಜೊತೆಗೆ ಬಾಯಲ್ಲೂ 'ಗುಟುಕು ನೀರೂ ಕೊಡಬೇಡಿ' ಅನ್ನಬೇಕು ಎಂಬುದನ್ನು ಮೊದಲ ವಾರವೇ ಕಲಿತೆವು.

ಭಂಗಿಗಳ ಹೆಸರುಗಳು ಮನುಷ್ಯರ ಹೆಸರುಗಳು. ಉಸಿರಾಟಕ್ಕೆ ಕಷ್ಟಪಡುವವರನ್ನು ಒರಗಿಸಿ ಕೂರಿಸುವುದು ಫೌಲರ್ಸ್. ಹೊಟ್ಟೆಯೊಳಗಿನ ಕೀವು ಕೆಳಗಿಳಿಯಲಿ ಎಂದು ರೋಗಿಗಳನ್ನು ಹಾಗೆ ಕೂರಿಸಿದ ಅಮೆರಿಕದ ಸರ್ಜನ್ ಒಬ್ಬರ ಹೆಸರದು. ಎನಿಮಾ ಕೊಡುವಾಗ ಎಡಮಗ್ಗುಲಿಗೆ ಮಲಗಿಸಿ ಮೇಲಿನ ಕಾಲು ಮಡಚಿಸುವುದು ಸಿಮ್ಸ್. ಈ ಜೇಮ್ಸ್ ಮೇರಿಯನ್ ಸಿಮ್ಸ್ ಯಾರೆಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. 1840ರ ದಶಕದಲ್ಲಿ ಅಲಬಾಮಾದಲ್ಲಿ ಗುಲಾಮ ಹೆಂಗಸರ ಮೇಲೆ, ಅರಿವಳಿಕೆ ಕೊಡದೆ, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ತನ್ನ ವಿಧಾನ ಕಂಡುಕೊಂಡವನು. ಆ ಹೆಂಗಸರಲ್ಲಿ ಮೂವರ ಹೆಸರು ಉಳಿದಿದೆ: ಅನಾರ್ಚಾ, ಬೆಟ್ಸಿ, ಲೂಸಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ಭಂಗಿಯ ಹೆಸರು ಹಾಗೇ ಇದೆ. ನಾನು ಪಾಠ ಮಾಡುವಾಗ ಆ ಮೂರು ಹೆಸರನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಅಂತಲೂ ಹೇಳುತ್ತೇನೆ.

ಚಾದರದ ಸುಕ್ಕೂ ಚರ್ಮಕ್ಕೆ ಒತ್ತಿ ಹುಣ್ಣು ಮಾಡಬಲ್ಲದು ಎಂಬ ಗುಟ್ಟು ಬಿಚ್ಚಿಕೊಂಡದ್ದು ಮೆಡಿಕಲ್ ವಾರ್ಡಿಗೆ ಹಾಕಿದ ಮೇಲೆ. ಶಿಕಾರಿಪುರ ಕಡೆಯ ರೈತರೊಬ್ಬರು, ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ನಮ್ಮ ಕೆಲಸ. ಬೆಡ್‌ಸೋರಿನ ಮೊದಲ ಹಂತ ಹೇಗಿರುತ್ತದೆ ಎಂದು ಟ್ಯೂಟರ್ ಕೇಳಿದರು. ಪುಸ್ತಕದಲ್ಲಿದ್ದದ್ದನ್ನು ಒಪ್ಪಿಸಿದೆ: ಮೂಳೆ ಚಾಚಿದ ಜಾಗದಲ್ಲಿ ಚರ್ಮ ಕೆಂಪಾಗುತ್ತದೆ, ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಬಿಳಚಿಕೊಳ್ಳುವುದಿಲ್ಲ. "ಸರಿ, ತೋರಿಸು" ಅಂದರು. ಬಿಸಿಲಲ್ಲಿ ಬೆಂದ ಆ ಕಪ್ಪು ಬೆನ್ನಿನ ಮೇಲೆ ಕೆಂಪು ಎಲ್ಲಿಂದ ಬರಬೇಕು? ನಾವೆಲ್ಲ ಬಗ್ಗಿ ಬಗ್ಗಿ ನೋಡಿದೆವು. ಏನೂ ಇಲ್ಲ ಮೇಡಂ ಅಂದೆವು.

ಅವರು ಟ್ಯೂಬ್‌ಲೈಟ್ ಆರಿಸಿ ಕಿಟಕಿ ತೆರೆಸಿದರು. ಬೆರಳುಗಳ ಹಿಂಭಾಗವನ್ನು ರೋಗಿಯ ಸೊಂಟದ ಕೆಳಗೆ, ಬಾಲಮೂಳೆಯ ಮೇಲೆ ಇಟ್ಟರು. ಆಮೇಲೆ ಒಂದು ಗೇಣು ದೂರದಲ್ಲಿ ಇಟ್ಟರು. ಮತ್ತೆ ಮೊದಲಿನ ಜಾಗ. ನನ್ನ ಕೈ ಹಿಡಿದು ಹಾಗೇ ಮಾಡಿಸಿದರು. ಮೊದಲಿನ ಜಾಗ ಬೆಚ್ಚಗಿತ್ತು. ಒತ್ತಿದರೆ ಸುತ್ತಲಿನ ಮಾಂಸಕ್ಕಿಂತ ತುಸು ಗಟ್ಟಿ. ಹಗಲ ಬೆಳಕಿಗೆ ಮಗ್ಗುಲಾಗಿ ನಿಂತು ನೋಡಿದಾಗ ಅಲ್ಲಿ ಬಣ್ಣವೂ ಬೇರೆಯೇ, ಕಪ್ಪಿನೊಳಗೆ ನೇರಳೆ ಬೆರೆತಂತೆ ಕಂಡಿತು. "ಪುಸ್ತಕ ಬರೆದವರು ಬಿಳಿ ಚರ್ಮದ ಪೇಷೆಂಟ್ ನೋಡಿ ಬರೆದದ್ದು. ನಿಮ್ಮ ಪೇಷೆಂಟ್ ಇಲ್ಲಿ ಇದ್ದಾರೆ" ಅಂದರು. ಕೇರಳದಿಂದ ಬಂದು ಶಿವಮೊಗ್ಗದಲ್ಲೇ ನೆಲೆಸಿದ್ದ ಅವರ ಕನ್ನಡ ಎಣಿಸಿ ಎಣಿಸಿ ಬರುತ್ತಿತ್ತು, ಒಂದು ಪದವೂ ದಂಡವಾಗುತ್ತಿರಲಿಲ್ಲ. ಕಪ್ಪು ಚರ್ಮದಲ್ಲಿ ಬಿಸಿ, ಬಿಗಿ, ನೋವು ಇವುಗಳನ್ನು ನೋಡಬೇಕು ಅಂತ ಈಗ ಪುಸ್ತಕಗಳೇ ಸ್ಪಷ್ಟವಾಗಿ ಬರೆಯುತ್ತವೆ. ಆಗ ನಮಗೆ ಅದು ಸಿಕ್ಕಿದ್ದು ಅವರ ಬೆರಳಿನಿಂದ.

ಅದೇ ವಾರ್ಡಿನಲ್ಲಿ ನಾವು ಸ್ಪಿರಿಟ್ ಹಚ್ಚಿ, ಪೌಡರ್ ಉದುರಿಸಿ, ಅಂಥ ಜಾಗವನ್ನು ಚೆನ್ನಾಗಿ ತಿಕ್ಕುತ್ತಿದ್ದೆವು. ಬ್ಯಾಕ್ ಕೇರ್ ಅಂದರೆ ಅದೇ. ಈಗ ಹಾಗೆ ತಿಕ್ಕುವುದನ್ನು ಬಿಡಿಸಿದ್ದಾರೆ. ಒಳಗೆ ಆಗಲೇ ನೊಂದಿರುವ ಮಾಂಸ ಇನ್ನಷ್ಟು ಹಾಳಾಗುತ್ತದೆ. ರಬ್ಬರ್ ರಿಂಗಿನ ಮೇಲೆ ಕೂರಿಸುವುದೂ ಹೋಯಿತು. ಮೂಲಪಾಠ ಎಂದರೆ ಬದಲಾಗದ ಪಾಠ ಅಂದುಕೊಂಡವರು ಹಳೆಯ ಪ್ರೊಸೀಜರ್ ಬುಕ್ಕನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಆ ಕಾಲದ ಕಬ್ಬಿಣದ ಮಂಚಗಳಿಗೆ ತಲೆ ಎತ್ತುವ ತಿರುಗಣೆ ಇರಲಿಲ್ಲ, ಕಟ್ಟಿಗೆಯ ಬ್ಯಾಕ್ ರೆಸ್ಟನ್ನು ಬೇರೆ ತಂದು ಇಡುತ್ತಿದ್ದೆವು. ಅದರಿಂದ ಒಂದು ಅನುಕೂಲ ಆಯಿತು. ವಾರ್ಡಿನ ಒಂದು ಸಾಲಿನಲ್ಲಿ ಎಲ್ಲರ ತಲೆಯೂ ಉತ್ತರಕ್ಕೆ. ಹಿರಿಯರೊಬ್ಬರು ರಾತ್ರಿಯೆಲ್ಲ ಎದ್ದು ಕೂತಿರುತ್ತಿದ್ದರು. ನಿದ್ದೆ ಮಾತ್ರೆಯನ್ನೂ ಬರೆದಾಗಿತ್ತು. ಯಾಕೆ ಮಲಗಲ್ಲ ಅಂತ ಕೇಳಿದವರು ಯಾರೂ ಇಲ್ಲ. ನನ್ನ ಜೊತೆಯವಳೊಬ್ಬಳು ಕೇಳಿದಳು. "ಉತ್ತರಕ್ಕೆ ತಲೆ ಹಾಕಿ ಮಲಗೋದು ಹೆಣ ಅಲ್ವಾ ತಾಯಿ" ಅಂದರು. ದಿಂಬನ್ನು ಕಾಲಿನ ಕಡೆಗೆ ಹಾಕಿ, ಬ್ಯಾಕ್ ರೆಸ್ಟನ್ನೂ ಆಚೆ ಸರಿಸಿದೆವು. ಮಲಗಿದರು. ವರ್ಜೀನಿಯಾ ಹೆಂಡರ್ಸನ್ ಎಂಬ ನರ್ಸ್ ಪಟ್ಟಿ ಮಾಡಿದ 14 ಮೂಲ ಅಗತ್ಯಗಳನ್ನು ನಾವು ಉಸಿರಾಟದಿಂದ ಹಿಡಿದು ಬಾಯಿಪಾಠ ಮಾಡಿದ್ದೆವು. ನಿದ್ದೆ ಅದರಲ್ಲಿ ಐದನೆಯದು, ತನ್ನ ನಂಬಿಕೆಯಂತೆ ನಡೆಯುವುದು ಹನ್ನೊಂದನೆಯದು. ಎರಡೂ ಒಂದೇ ದಿಂಬಿನಲ್ಲಿ ಬಗೆಹರಿಯಿತು.

ಇನ್ನು ಸ್ಟೆರೈಲ್. ಥಿಯೇಟರಿನ ಇನ್‌ಚಾರ್ಜ್ ಸಿಸ್ಟರ್ ತೀರ್ಥಹಳ್ಳಿ ಕಡೆಯವರು, ಪಾಠ ಹೇಳುವುದರಲ್ಲಿ ಗಟ್ಟಿಗರು. ಗ್ಲೌಸು ಹಾಕಿದ ಕೈ ಸೊಂಟದಿಂದ ಕೆಳಗೆ ಇಳಿಯಬಾರದು, ಸ್ಟೆರೈಲ್ ಟ್ರಾಲಿಗೆ ಬೆನ್ನು ಕೊಡಬಾರದು, ಹಾಸಿದ ಬಟ್ಟೆಯ ಅಂಚಿನ ಒಂದಿಂಚು ಲೆಕ್ಕಕ್ಕಿಲ್ಲ, ತಗುಲಿತೋ ಇಲ್ಲವೋ ಎಂಬ ಅನುಮಾನ ಬಂದರೆ ತಗುಲಿತು ಅಂತಲೇ ಲೆಕ್ಕ. ಇಷ್ಟನ್ನೂ ಹೇಳಿ, "ಮಡಿ ಉಟ್ಟವರನ್ನು ನೋಡಿದ್ದೀರಲ್ಲ, ಥೇಟ್ ಹಾಗೇ" ಅಂದರು. ನಮಗೆ ಕೂಡಲೇ ಅರ್ಥವಾಯಿತು. ಒದ್ದೆ ಸೀರೆ ಉಟ್ಟು, ಕೈ ಎತ್ತಿಕೊಂಡು, ಯಾರಿಗೂ ತಾಗದಂತೆ ಪಡಸಾಲೆ ದಾಟುವ ಅಜ್ಜಿಯರನ್ನು ಕಾಣದವರು ಯಾರು?

ನನ್ನ ಪಕ್ಕ ಕೂತಿದ್ದ ಗೆಳತಿ ಮಾತ್ರ ಬರೆದುಕೊಳ್ಳುವುದನ್ನು ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದಳು. ಅವಳು ಕೇರಿಯಿಂದ ಬಂದವಳು. ರಾತ್ರಿ ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುತ್ತ ಅಂದಳು: "ನಮ್ಮೂರಲ್ಲಿ ಮೈಲಿಗೆ ಅಂದ್ರೆ ನಾವೇ, ತಿಕ್ಕಿ ತೊಳೆದ್ರೂ ಹೋಗಲ್ಲ. ಇಲ್ಲಿ ಕೈ ತೊಳೆದ್ರೆ ನಾನೂ ಸ್ಟೆರೈಲ್. ಅದು ಮಡಿ ಹೆಂಗಾಗ್ತದೆ?" ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಆ ಹೋಲಿಕೆಯನ್ನು ನಾನು ತರಗತಿಯಲ್ಲಿ ಬಳಸುವುದಿಲ್ಲ; ಬೇರೆಯವರು ಬಳಸಿದರೆ ಅವಳ ಪ್ರಶ್ನೆಯನ್ನು ಮುಂದಿಡುತ್ತೇನೆ. ಕೈ ತೊಳೆಯುವ ಪಾಠದ ಕಥೆಯೇ ಬೇರೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಹೆಣ ಕೊಯ್ದು ಬಂದ ವೈದ್ಯರ ಕೈಯಿಂದಲೇ ಬಾಣಂತಿಯರಿಗೆ ಜ್ವರ ಹತ್ತುತ್ತಿದೆ ಎಂದು ಕಂಡುಹಿಡಿದ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದ ಮೇಲೆ ಸಾವುಗಳು ಇಳಿದವು. ಆದರೂ ಹಲವು ವೈದ್ಯರು ಒಪ್ಪಲಿಲ್ಲ. ದೊಡ್ಡ ಮನುಷ್ಯರ ಕೈ ಕೊಳೆ ಅನ್ನುವುದುಂಟೇ? ಅವನು 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಹುಟ್ಟು, ಪದವಿ, ಅಂತಸ್ತು ಯಾವುದನ್ನೂ ಕೇಳದೆ ಎಲ್ಲ ಕೈಯನ್ನೂ ಕೊಳೆ ಎಂದೇ ಹಿಡಿದು ಶುರುಮಾಡುವ ಪಾಠವಿದು. ನನ್ನ ಗೆಳತಿ ಮುಂದೆ ಥಿಯೇಟರ್ ನರ್ಸೇ ಆದಳು. ಸ್ಕ್ರಬ್ ಸರಿಯಾಗಿ ಮಾಡದ ಸರ್ಜನ್ನರನ್ನು ಸಿಂಕಿಗೆ ವಾಪಸು ಕಳಿಸುತ್ತಾಳೆ ಅಂತ ಅವಳಿಗೆ ಹೆಸರು ಬಂದಿದೆ.

ಟಿಪಿಆರ್ ಎಂಬ ಮೂರಕ್ಷರದಲ್ಲಿ ಟಿ (ಜ್ವರ) ಮತ್ತು ಪಿ (ನಾಡಿ) ಯಾರಿಗೂ ಕಷ್ಟವಿಲ್ಲ. ಥರ್ಮಾಮೀಟರಿನ ಪಾದರಸವನ್ನು 95ರ ಕೆಳಕ್ಕೆ ಕೊಡವಿ ಇಳಿಸುವ ಮಣಿಕಟ್ಟಿನ ಝಾಡಿಕೆ ಬರಲು ನಾಲ್ಕು ದಿನ ಬೇಕು, ಅಷ್ಟೇ. ಬಾಯಿಗಿಡುವ ಮೊದಲು ಬುರುಡೆಯಿಂದ ಕಾಂಡದ ಕಡೆಗೆ ಒರೆಸಬೇಕು, ತೆಗೆದ ಮೇಲೆ ಕಾಂಡದಿಂದ ಬುರುಡೆಯ ಕಡೆಗೆ; ಶುಚಿ ಇದ್ದ ಕಡೆಯಿಂದ ಕೊಳೆ ಇದ್ದ ಕಡೆಗೆ ಕೈ ಹೋಗಬೇಕೇ ವಿನಾ ತಿರುಗಾಮುರುಗಾ ಅಲ್ಲ. ಈಗಿನ ಹುಡುಗಿಯರಿಗೆ ಇದು ಬೇಡ, ಹಣೆಯ ಮುಂದೆ ಹಿಡಿದರೆ ಅಂಕಿ ಬರುತ್ತದೆ.

ಕಷ್ಟ ಇರುವುದು ಆರ್, ಉಸಿರು. ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿಯ ಉಸಿರು ಬದಲಾಗುತ್ತದೆ. ಅದಕ್ಕೇ ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟು ಬಿಡಬಾರದು. ಆ ಕೈಯನ್ನು ಅವರ ಎದೆಯ ಮೇಲೇ ಇರಿಸಿಕೊಂಡು, ನಾಡಿಯನ್ನೇ ನೋಡುತ್ತಿರುವ ಹಾಗೆ ನಿಂತು, ಎದೆ ಏರಿ ಇಳಿಯುವುದನ್ನು ಎಣಿಸಬೇಕು. ಒಂದು ಏರು ಒಂದು ಇಳಿತ ಸೇರಿ ಒಂದು. ಪೂರ್ತಿ ಒಂದು ನಿಮಿಷ. ದೊಡ್ಡವರಲ್ಲಿ 12ರಿಂದ 20 ಸರಿ. ನಲವತ್ತು ಹಾಸಿಗೆಯ ವಾರ್ಡಿನಲ್ಲಿ ಒಬ್ಬಳೇ ಇರುವ ನರ್ಸಿಗೆ ಬರೀ ಉಸಿರಿಗೇ ನಲವತ್ತು ನಿಮಿಷ. ಹೀಗಾಗಿ ಚಾರ್ಟಿನಲ್ಲಿ ಎಲ್ಲರಿಗೂ 20. ಜ್ವರ ಬೇರೆ, ನಾಡಿ ಬೇರೆ, ಉಸಿರು ಮಾತ್ರ ಸಾಲಾಗಿ 20, 20, 20. ಒಂದು ಕಡೆಯ ದೂರಲ್ಲ ಇದು, ನಾನು ಕಂಡ ವಾರ್ಡುಗಳಲ್ಲೆಲ್ಲ ಇದೇ ಕಥೆ.

ಒಮ್ಮೆ ಟ್ಯೂಟರ್ ಬೆಳಗಿನ ರೌಂಡಿನಲ್ಲಿ ಹೀಗೆ 20 ಬರೆದಿದ್ದ ಹುಡುಗನೊಬ್ಬನ ಮಂಚದ ಪಕ್ಕ ನನ್ನನ್ನು ನಿಲ್ಲಿಸಿದರು. ಟೈಫಾಯಿಡ್ ಇರಬಹುದು ಎಂದು ಸೇರಿಸಿಕೊಂಡಿದ್ದವನು, ಸುಮ್ಮನೆ ಮಲಗಿದ್ದ, ಬಿಪಿ ಚೆನ್ನಾಗಿಯೇ ಇತ್ತು. ಎಣಿಸಿದೆ, 34. ಮೂಗಿನ ಹೊಳ್ಳೆ ಪ್ರತಿ ಉಸಿರಿಗೂ ಅರಳುತ್ತಿತ್ತು, ಕತ್ತಿನ ಬುಡದ ಗುಂಡಿ ಒಳಕ್ಕೆ ಸೇದುತ್ತಿತ್ತು. ಕಣ್ಣಿಗೆ ಬಿದ್ದ ಮೇಲೆ ಇಷ್ಟು ಹೊತ್ತು ಹೇಗೆ ಕಾಣಲಿಲ್ಲ ಅನ್ನಿಸುವಷ್ಟು ಸ್ಪಷ್ಟ. ಅವರು ಕೆಂಪು ಪೆನ್ನಿನಲ್ಲಿ 34 ಬರೆದು ಡ್ಯೂಟಿ ಡಾಕ್ಟರನ್ನು ಕರೆಸಿದರು. ನ್ಯುಮೋನಿಯಾ. ಬಿಪಿ ಕುಸಿಯುವುದಕ್ಕಿಂತ ಮೊದಲೇ ಉಸಿರಿನ ವೇಗ ಸುಳಿವು ಕೊಡುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದ ಎಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದೊಂದಕ್ಕೇ ಗರಿಷ್ಠ 3 ಅಂಕ. ಮಿಷನ್ನುಗಳು ಇಷ್ಟು ಬಂದ ಮೇಲೂ ಅದು ಹೀಗೆ.

ರೋಗಿಯ ಒಳಗೆ ಹೋದದ್ದು, ಹೊರಗೆ ಬಂದದ್ದು ಬರೆಯುವ ಇನ್‌ಟೇಕ್–ಔಟ್‌ಪುಟ್ ಚಾರ್ಟಿನ ಬಗ್ಗೆ ಬರೆಯಹೋದರೆ ಒಂದು ಪುಸ್ತಕವಾದೀತು. ಮನೆಯವರನ್ನು ಕೇಳಿದರೆ 'ಒಂದು ಲೋಟ ಕುಡಿದ್ರು' ಅನ್ನುತ್ತಾರೆ, ಲೋಟ ಯಾವುದು? ಅವರ ಲೋಟವನ್ನೇ ಇಸಿದುಕೊಂಡು, ನೀರು ತುಂಬಿ, ಅಳತೆಯ ಜಾಡಿಗೆ ಸುರಿದು, ಎಷ್ಟು ಎಂಎಲ್ ಎಂದು ಚಾರ್ಟಿನ ಹಾಳೆಯ ತಲೆಯ ಮೇಲೆ ಬರೆದುಬಿಡುವುದು ನಾವು ಕಂಡುಕೊಂಡ ಉಪಾಯ. ಕಿಡ್ನಿಯವರಿಗೆ ಕದ್ದು ಕುಡಿಸಿದ ಎಳನೀರು ಮಾತ್ರ ಯಾವ ಚಾರ್ಟಿಗೂ ಬರುವುದಿಲ್ಲ, ಮಂಚದ ಕೆಳಗಿನ ಬುರುಡೆ ನೋಡಿ ಬರೆದುಕೊಳ್ಳಬೇಕು.

ರೋಗಿ ಹೇಳಿದ್ದನ್ನು ರೋಗಿಯ ಮಾತಿನಲ್ಲೇ ಬರೆಯಿರಿ ಎನ್ನುವುದು ಅಸೆಸ್‌ಮೆಂಟಿನ ಮೊದಲ ನಿಯಮ. ನಮ್ಮ ಕಡೆ ಇದಕ್ಕೆ ಬೆಲೆ ಇನ್ನೂ ಹೆಚ್ಚು. 'ಸಂಕಟ ಆಗ್ತಿದೆ' ಎಂದು ಹೆಂಗಸೊಬ್ಬಳು ಅಂದರೆ ಅದು ಹೊಟ್ಟೆ ತೊಳಸುವುದಿರಬಹುದು, ಹುಳಿತೇಗು ಇರಬಹುದು, ಹಸಿವೂ ಇರಬಹುದು. ಸಕ್ಕರೆ ಕಾಯಿಲೆಯವರಾದರೆ, ಬೆವರುತ್ತಿದ್ದರೆ, ಎದೆನೋವೇ ಇಲ್ಲದ ಹೃದಯಾಘಾತವೂ ಇರಬಹುದು. ಅದನ್ನು ಕೇಳಿದಾಕ್ಷಣ 'ನಾಸಿಯಾ' ಎಂದು ಬರೆದುಬಿಟ್ಟರೆ ಉಳಿದ ಬಾಗಿಲುಗಳನ್ನು ನಾವೇ ಮುಚ್ಚಿದಂತೆ. ಎಲ್ಲಿ, ಯಾವಾಗಿನಿಂದ, ಉಂಡ ಮೇಲೋ ನಡೆದ ಮೇಲೋ ಎಂದು ಕೇಳಿ ಆಮೇಲೆ ಬರೆಯಬೇಕು.

ನೋವಿನ ಅಳತೆಯೂ ಹಾಗೆಯೇ. ನೋವು ಅನ್ನುವುದು ರೋಗಿ ಎಷ್ಟು ಅನ್ನುತ್ತಾನೋ ಅಷ್ಟು ಎಂದು 1968ರಲ್ಲಿ ಮಾರ್ಗೊ ಮೆಕ್‌ಕ್ಯಾಫ್ರಿ ಎಂಬ ನರ್ಸ್ ಹೇಳಿದಳು, ಮುಂದೆ ಸೊನ್ನೆಯಿಂದ ಹತ್ತರ ಅಳತೆಯೂ ಬಳಕೆಗೆ ಬಂತು. ನಾನು ಆಪರೇಷನ್ ಆದವರ ವಾರ್ಡಿನಲ್ಲಿ ಸ್ಟಾಫ್ ಆಗಿದ್ದಾಗ ಅಜ್ಜಿಯೊಬ್ಬರನ್ನು, ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡೆಯೋಕಾಗಲ್ಲ, ಈಗ ಎಷ್ಟಿದೆ ಅಂತ ಕೇಳಿದೆ. "ಹತ್ತು ಎಂತಕ್ಕೆ ಮಗಾ? ಬೆಳಿಗ್ಗೆ ಹದಿನಾರಾಣೆ ಇತ್ತು. ನೀ ಸೂಜಿ ಹಾಕಿದ ಮೇಲೆ ಆರಾಣೆಗೆ ಇಳಿದೈತೆ" ಅಂದರು. ಹಾಗೇ ಬರೆದೆ. ಆಣೆಯನ್ನು ಹತ್ತಕ್ಕೆ ಇಳಿಸಿ ಲೆಕ್ಕ ಹಾಕಿದರೆ ನಾಲ್ಕಕ್ಕೆ ತುಸು ಕಮ್ಮಿ. ಡಾಕ್ಟರ್ ನಕ್ಕರು, ಆದರೆ ಮರುದಿನ ಅವರೇ "ಅಜ್ಜಿ, ಇವತ್ತು ಎಷ್ಟಾಣೆ?" ಎಂದು ಕೇಳಿದರು.

ಔಷಧಿ ಕೊಡುವಾಗಿನ ಐದು 'ಸರಿ'ಗಳಲ್ಲಿ ಮೊದಲನೆಯದು ಸರಿಯಾದ ರೋಗಿ. 'ನೀವು ಲಕ್ಷ್ಮಮ್ಮನಾ?' ಎಂದರೆ ಅರೆನಿದ್ದೆಯ ಯಾವ ಹೆಂಗಸಾದರೂ ಹ್ಞೂಂ ಅನ್ನುತ್ತಾಳೆ. 'ನಿಮ್ಮ ಹೆಸರೇನು, ಯಾವೂರು, ಯಜಮಾನರ ಹೆಸರೇನು' ಎಂದೇ ಕೇಳಬೇಕು, ಐಪಿ ನಂಬರ್ ನೋಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಮೂವರು ಲಕ್ಷ್ಮಮ್ಮಂದಿರು ಇಲ್ಲದ ಆಸ್ಪತ್ರೆ ನಮ್ಮ ನಾಡಿನಲ್ಲಿ ಇದ್ದರೆ ಹೇಳಿ.

ಈಗ ನಾನೇ ಮೊದಲ ವರ್ಷದವರಿಗೆ ಪಾಠ ಹೇಳುತ್ತೇನೆ. ಬುದ್ಧಿವಂತ ಮಕ್ಕಳು. ವೆಂಟಿಲೇಟರ್, ಇಸಿಜಿ ಅಂದರೆ ಕಣ್ಣರಳಿಸುತ್ತಾರೆ. ಫೌಂಡೇಶನ್ ಅಂದರೆ 'ಬರೀ ಬೇಸಿಕ್ಸ್ ಅಲ್ವಾ ಮ್ಯಾಮ್' ಅನ್ನುತ್ತಾರೆ. ಕೆಲವರಿಗೆ ಜರ್ಮನಿ, ಐರ್ಲೆಂಡಿನ ಕನಸು. ಹೋಗಲಿ, ಅಲ್ಲಿಯೂ ಮೊದಲ ದಿನ ಇವರಿಗೆ ಹೇಳುವುದು ರೋಗಿಯ ಮಗ್ಗುಲು ಬದಲಿಸಿ ಅಂತಲೇ. ನೈಟಿಂಗೇಲ್ 1859ರಲ್ಲಿ ಬರೆದ ನರ್ಸಿಂಗ್ ಪುಸ್ತಕದಲ್ಲಿ ಗಾಳಿ, ಬೆಳಕು, ಸದ್ದು, ಹಾಸಿಗೆ ಇವುಗಳಿಗೆ ಒಂದೊಂದು ಅಧ್ಯಾಯ ಕೊಟ್ಟಿದ್ದಾಳೆ. ರೋಗಿಯನ್ನು ನೋಡಲು ಬಂದು ಹುರುಳಿಲ್ಲದ ಸಮಾಧಾನ ಹೇಳುವವರ ಮೇಲೂ ಒಂದಿದೆ. ಸೇಬು ಹಿಡಿದು ಬಂದು 'ಏನೂ ಆಗಲ್ಲ ಬಿಡಿ, ನಮ್ಮ ಭಾವಂಗೂ ಇದೇ ಆಗಿತ್ತು' ಎನ್ನುವ ನಮ್ಮ ನೆಂಟರನ್ನು ಅವಳು ಆಗಲೇ ಕಂಡಿದ್ದಳು.

ಅಂಥ ನೆಂಟರು ನಾವೆಲ್ಲರೂ ಆಗಿರುತ್ತೇವೆ, ಆದ್ದರಿಂದ ಒಂದು ಕೋರಿಕೆ. ನಿಮ್ಮವರು ಆಸ್ಪತ್ರೆಯಲ್ಲಿದ್ದಾಗ ನರ್ಸ್ ಬಂದು ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತರೆ, ಆ ಹೊತ್ತಿನಲ್ಲಿ ಡಾಕ್ಟರ್ ಯಾವಾಗ ಬರುತ್ತಾರೆ, ಬಿಲ್ಲು ಎಷ್ಟಾಯಿತು ಎಂದು ಮಾತಾಡಿಸಬೇಡಿ, ರೋಗಿಯನ್ನೂ ಮಾತಿಗೆ ಎಳೆಯಬೇಡಿ. ಒಂದು ನಿಮಿಷ ತಡೆಯಿರಿ. ಆಮೇಲೆ ಬಿಪಿ, ಜ್ವರ ಕೇಳುವಾಗ ಉಸಿರು ಎಷ್ಟು ಬಂತು ಎಂದೂ ಕೇಳಿ.